ಮಲ್ಟಿಥ್ರೆಡಿಂಗ್ ಮೇಲೊಂದು ಠರಾವು

ನಮ್ಮ ಕನ್ನಡ ಸಂಘದ ಯುವ ವಿಭಾಗಕ್ಕೆ ನನ್ನನ್ನು ಸಂಚಾಲಕನನ್ನಾಗಿ ಆರಿಸಿದಾಗ ನನ್ನ ಎರಡೂ ಮೊಣಕಾಲು ನೋಯುತ್ತಿದ್ದವು. ಐವತ್ತು ದಾಟಿ ಕೆಲವು ವರ್ಷವೇ ಆಗಿತ್ತು. ಆದರೂ ಆ ಸಭೆಯಲ್ಲಿ ಕೂತವರ ಪೈಕಿ ನಾನೇ ಕಿರಿಯ. ಮೊದಲ ಮಹಡಿಯ ಆ ಕೋಣೆಗೆ ನಡುವೆ ಎಲ್ಲೂ ನಿಲ್ಲದೆ ಹತ್ತಿ ಬಂದವನೂ ನಾನೊಬ್ಬನೇ.

"ಯುವಕರನ್ನು ಸೆಳೆಯಬೇಕು ಮಾರಾಯ್ರೆ. ಇಲ್ಲದಿದ್ದರೆ ನಮ್ಮ ನಂತರ ಈ ಬಾಗಿಲಿನ ಬೀಗ ತೆಗೆಯುವವರು ಯಾರು?" ಎಂದು ಅಧ್ಯಕ್ಷರು ನನ್ನತ್ತ ನೋಡಿದರು. ಎಲ್ಲರೂ ನನ್ನತ್ತ ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಧಾರವಾಡದವಳು, ಮಾತನ್ನು ಬೆಣ್ಣೆಯಲ್ಲಿ ಅದ್ದಿ ಕೊಡುವ ಅಭ್ಯಾಸ ಇಲ್ಲ. "ಯುವ ವಿಭಾಗನಾ? ಮದಲ ಆ ಮಣಕಾಲಿಗೆ ಎಣ್ಣಿ ಹಚ್ಚಕೋರಿ" ಎಂದು ಬಾಟಲಿ ತಂದು ಮುಂದಿಟ್ಟಳು.

ಸಂಘದ ಕೋಣೆ ಇರುವುದು ಮುಂಬೈಯ ಭಾಂಡುಪ್ ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನಲ್ಲಿ. ಕೆಳಗೆ ಹಿಟ್ಟಿನ ಗಿರಣಿ. ಗಿರಣಿ ಓಡುತ್ತಿರುವಾಗ ನಮ್ಮ ಭಜನೆಗೆ ತಾನಾಗಿಯೇ ಶ್ರುತಿ ಸಿಗುತ್ತದೆ. ಕೋಣೆಯಲ್ಲಿ ಎರಡು ಪುಸ್ತಕದ ಕಪಾಟು, ಒಂದು ಹಾರ್ಮೋನಿಯಂ, ಮಡಚುವ ಕುರ್ಚಿಗಳು, ಮತ್ತು ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ಒಂದು ಕಂಪ್ಯೂಟರ್. ಅದರಲ್ಲಿ ಆಮಂತ್ರಣ ಪತ್ರಿಕೆ ಟೈಪ್ ಮಾಡುತ್ತಿದ್ದೆವು. ಬೇರೆ ಕೆಲಸವನ್ನು ಯಾರೂ ಅದಕ್ಕೆ ಹೇಳಿರಲಿಲ್ಲ.

ನಾನು ಫೋರ್ಟಿನಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ಕೊಟ್ಟ ಕೆಲಸವನ್ನು ಮಾಡಿ ಮುಗಿಸಬೇಕು ಎಂಬ ರೋಗ ನನಗಿದೆ. ಯುವಕರಿಗಾಗಿ ಪ್ರಬಂಧ ಸ್ಪರ್ಧೆ ಏರ್ಪಡಿಸಿದೆ. ಬಂದದ್ದು ಒಂದೇ ಪ್ರಬಂಧ, ಅದೂ ಬ್ಯಾಂಕಿನಿಂದ ನಿವೃತ್ತರಾದ ಸದಸ್ಯರೊಬ್ಬರದು. ಅಂತ್ಯಾಕ್ಷರಿ ಇಟ್ಟೆ. ಅದಕ್ಕೂ ಅವರೇ ಬಂದರು.

ಆ ದಿನಗಳಲ್ಲಿ ನನ್ನ ದವಡೆ ಹಲ್ಲು ನೋಯತೊಡಗಿ ಅಧ್ಯಕ್ಷರ ಸೊಸೆಯ ದವಾಖಾನೆಗೆ ಹೋದೆ. ಆಕೆ ಹಲ್ಲಿನ ಡಾಕ್ಟರು. ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಒಂದು ವಾಕ್ಯ ಮೂರು ಭಾಷೆಗಳ ಸ್ಟೇಷನ್ನಿನಲ್ಲಿ ನಿಂತು ಹೊರಡುತ್ತದೆ. ನನ್ನ ಬಾಯಲ್ಲಿ ಹತ್ತಿ ತುರುಕಿ, ಮೇಲೆ ದೀಪ ಹಚ್ಚಿ, "ಮಾವ ಹೇಳಿದ್ರು ಅಂಕಲ್, ನಿಮಗೆ ಯಂಗ್‌ಸ್ಟರ್ಸ್ ಬೇಕಂತೆ. ಗೇಮ್ ಇಡಿ ನಾ!" ಎಂದಳು.

ಪೇಷಂಟುಗಳೆಲ್ಲ ಹೋದ ಮೇಲೆ ಆಕೆ ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಗೇಮುಗಳನ್ನು ಆಡುತ್ತಾಳಂತೆ. ಚಿಕ್ಕವಳಿದ್ದಾಗ ಟಿವಿಗೆ ಜೋಡಿಸುವ ಗೇಮಿನ ಡಬ್ಬಿಯೊಂದು ಮನೆಯಲ್ಲಿತ್ತು. ಡಬ್ಬಿ ಕೆಟ್ಟುಹೋಯಿತು, ಡಿಸ್ಕುಗಳು ಉಳಿದವು. ಈಗ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಸಿಗುತ್ತದೆ. ಅದನ್ನು ಹಾಕಿದರೆ ಕಂಪ್ಯೂಟರು ತಾನೇ ಆ ಡಬ್ಬಿ ಎಂದು ನಟಿಸುತ್ತದೆ, ಹಳೆಯ ಡಿಸ್ಕು ಮೋಸಹೋಗಿ ಓಡುತ್ತದೆ.

"ವೇಷ ಹಾಕೋದು ಅಂಕಲ್. ಯಕ್ಷಗಾನ ಜೈಸಾ. ಸಂಡೇ ಬಂದು ಹಾಕಿ ಕೊಡ್ಲಾ?"

ಬಾಯಲ್ಲಿ ಹತ್ತಿ ಇದ್ದುದರಿಂದ ನನಗೆ ಬೇಡವೆನ್ನಲಾಗಲಿಲ್ಲ. ಆಕೆ ಒಪ್ಪಿಗೆ ಎಂದುಕೊಂಡಳು.

ಭಾನುವಾರ ಸಂಜೆ ಭಜನೆಗೆ ಮುಂಚೆ ಆಕೆ ಡಿಸ್ಕುಗಳನ್ನೂ ಎರಡು ಆಟದ ರಿಮೋಟುಗಳನ್ನೂ ಹಿಡಿದುಕೊಂಡು ಬಂದಳು. ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ಏನೇನೋ ಒತ್ತಿದಳು. ಕೊನೆಗೆ ಪರದೆ ಎರಡು ಭಾಗವಾಗಿ, ಮೇಲೊಂದು ಕೆಂಪು ಕಾರು, ಕೆಳಗೊಂದು ನೀಲಿ ಕಾರು ಬಂದು ನಿಂತವು. ಮುಂದೆ ಬೆಟ್ಟದ ರಸ್ತೆ, ಎಡಗಡೆ ಸಮುದ್ರ, ದೂರದಲ್ಲಿ ಒಂದು ಸುರಂಗ.

"ಒಂದು ಸೆಟ್ಟಿಂಗ್ ನಾನು ಆಫ್ ಇಟ್ಟಿದ್ದೇನೆ ಅಂಕಲ್. ಮಲ್ಟಿಥ್ರೆಡಿಂಗ್ ಅಂತ. ಆನ್ ಮಾಡಿದ್ರೆ ಈ ಗೇಮ್ ಕಭೀ ಕಭೀ ಸುರಂಗದಲ್ಲಿ ಅಟಕ್ ಜಾತಾ ಹೈ. ಆಫ್ ಇದ್ರೆ ಹಾಗೆ ನಿಲ್ಲಲ್ಲ, ಲೇಕಿನ್ ಸ್ವಲ್ಪ..."

ಅಷ್ಟರಲ್ಲಿ ಆಕೆಗೆ ಫೋನು ಬಂತು. ಯಾರದೋ ಕೆನ್ನೆ ಊದಿಕೊಂಡಿತ್ತು. "ಸ್ವಲ್ಪ" ಏನಾಗುತ್ತದೆ ಎಂಬುದನ್ನು ಹೇಳದೆಯೇ ಆಕೆ ಓಡಿದಳು.

ಯುವಕರು ಯಾರೂ ಬಂದಿರಲಿಲ್ಲ. ಅಧ್ಯಕ್ಷರು ಬಂದರು. ಉಡುಪಿ ಕಡೆಯವರು, ಫೋರ್ಟಿನಲ್ಲಿ ಹೋಟೆಲು ನಡೆಸಿ ಈಗ ಅದನ್ನು ಮಗನ ಕೈಗೆ ಕೊಟ್ಟು ವಿಶ್ರಾಂತಿಯಲ್ಲಿರುವವರು. ನಾನು ಅವರಿಗೆ ಒಂದು ರಿಮೋಟು ಕೊಟ್ಟು ಇನ್ನೊಂದನ್ನು ನಾನು ಹಿಡಿದೆ. ಆಟ ಶುರುವಾಯಿತು.

ಕಾರುಗಳು ದಿಬ್ಬಣ ಹೊರಟಂತೆ ಹೊರಟವು. ಹಿನ್ನೆಲೆಯ ಸಂಗೀತ ಬ್ಯಾಂಡಿನವರು ಮದುವೆಯೂಟ ಮುಗಿಸಿ ಬಂದು ನುಡಿಸಿದ ಹಾಗೆ ಎಳೆದುಕೊಂಡು ಬರುತ್ತಿತ್ತು. ರಸ್ತೆ ಬದಿಯ ಒಂದೊಂದು ಮರವನ್ನೂ ಬಿಡಿಸಿ ನೋಡಬಹುದಾಗಿತ್ತು. ಇದು ದೋಷ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಟವೇ ಹೀಗೆ, ನಿಸರ್ಗ ಸೌಂದರ್ಯ ತೋರಿಸಲಿಕ್ಕೆ ಮಾಡಿದ್ದು ಎಂದುಕೊಂಡೆವು.

"ಇದರಲ್ಲಿ ಹಾರ್ನ್ ಎಲ್ಲಿ ಉಂಟು?" ಎಂದು ಅಧ್ಯಕ್ಷರು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದರು.

"ಹಾರ್ನ್ ಇಲ್ಲ ಅನಸ್ತದ ಸರ್."

"ಹಾರ್ನ್ ಇಲ್ಲದ ಗಾಡಿಯನ್ನು ಈ ಊರಿನಲ್ಲಿ ಎಂತ ಓಡಿಸುವುದು?" ಎಂದು ಅವರು ಬಾಯಿಂದಲೇ ಪೋಂ ಪೋಂ ಎನ್ನುತ್ತ ಬಂಡೆಗೆ ಗುದ್ದಿದರು.

ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಮಾವಶಿ ಇದನ್ನೆಲ್ಲ ನೋಡುತ್ತಿದ್ದರು. ಎಲ್ಲರೂ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ವಿಜಾಪುರದ ಕಡೆಯವರು, ಮದುವೆಯಾಗಿ ಇದೇ ಬಿಲ್ಡಿಂಗಿಗೆ ಬಂದವರು, ಎಪ್ಪತ್ತು ದಾಟಿದವರು. ಜೀವನದಲ್ಲಿ ಸೈಕಲ್ಲನ್ನೂ ಮುಟ್ಟಿದವರಲ್ಲ. ಬತ್ತಿಯ ಡಬ್ಬಿ ಮುಚ್ಚಿ ಎದ್ದು ಬಂದರು.

"ಕೊಡ್ರಿ ಇಲ್ಲೆ. ಬ್ರೇಕ್ ಯಾವದು?"

ಆ ಕೋಣೆಯಲ್ಲಿ ಆ ಪ್ರಶ್ನೆ ಕೇಳಿದವರಲ್ಲಿ ಅವರೇ ಮೊದಲಿಗರು. ನಾನು ತೋರಿಸಿದೆ. ಅವರು ಸೆರಗು ಸಿಕ್ಕಿಸಿಕೊಂಡು, ರಿಮೋಟನ್ನು ಬಾಣಲೆಯ ಎರಡು ಹಿಡಿಗಳನ್ನು ಹಿಡಿದಂತೆ ಹಿಡಿದು, ಒಂದು ಗೋಡೆಯನ್ನೂ ಮುಟ್ಟದೆ ಸುರಂಗ ದಾಟಿ ಗುರಿ ಸೇರಿದರು. ಅಧ್ಯಕ್ಷರ ಕಾರು ಆಗ ಸಮುದ್ರದಲ್ಲಿತ್ತು.

"ಇನ್ನೊಮ್ಮಿ ಹಚ್ರಿ" ಎಂದರು ಮಾವಶಿ.

ಆಮೇಲಿನ ಭಾನುವಾರಗಳಲ್ಲಿ ಮಂಗಳಾರತಿ ವಾರದಿಂದ ವಾರಕ್ಕೆ ಬೇಗ ಬರತೊಡಗಿತು. ಭಜನೆಯಲ್ಲಿ ಮೂರು ಚರಣದ ಪದಗಳು ಒಂದೇ ಚರಣಕ್ಕೆ ಮುಗಿಯುತ್ತಿದ್ದವು. ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ ಸದಸ್ಯರು ಪ್ರತಿವಾರ ಬರತೊಡಗಿದರು. ಹೆಂಗಸರು ಅವಲಕ್ಕಿ ಹಚ್ಚಿ ತಂದರು. ಯಾರ ಸರದಿ ಯಾವಾಗ ಎಂಬುದಕ್ಕೆ ಗಲಾಟೆಯಾಗಿ, ಹೆಸರು ಕೂಗುವ ಕೆಲಸವೂ ನನ್ನ ಪಾಲಿಗೆ ಬಂತು. ನನ್ನ ಹೆಂಡತಿ ಒಮ್ಮೆ ನೋಡಲು ಬಂದವಳು ಎರಡು ಸುತ್ತು ಓಡಿಸಿ, "ಭಾಳ ಆರಾಮ ಆತ್ರಿ, ಮಹಾಬಳೇಶ್ವರಕ್ಕ ಹೋಗಿ ಬಂದಂಗ" ಎಂದಳು. ಕಾರ್ಯಕಾರಿ ಸಮಿತಿಗೆ ನಾನು ಯುವ ವಿಭಾಗದ ಚಟುವಟಿಕೆಗೆ ಕುರ್ಚಿ ಸಾಲುತ್ತಿಲ್ಲ ಎಂದು ವರದಿ ಕೊಟ್ಟೆ. ಕೂತವರ ವಯಸ್ಸನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗೆ ಎಲ್ಲ ಸುಖವಾಗಿದ್ದಾಗ ಒಂದು ಸಂಜೆ ಖಜಾಂಚಿಯವರ ಮಗಳು ತಮ್ಮನೊಂದಿಗೆ ಬಂದಳು. ಕಾಲೇಜಿನಲ್ಲಿ ಓದುವವಳು. ತಂದೆ ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಟ್ಟು ಹೋಗಲು ಬಂದಿದ್ದಳು. ಮಾವಶಿ ಆಗ ಬೆಟ್ಟದ ತಿರುವಿನಲ್ಲಿದ್ದರು. ಹುಡುಗಿ ಪರದೆಯನ್ನು ನೋಡಿದಳು, ನಮ್ಮ ಮುಖಗಳನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು.

"ಯೇ ಸ್ಲೋ ಮೋಷನ್ ಮೇ ಕ್ಯೂಂ ಹೈ?"

"ಎಂತ ಸ್ಲೋ?" ಎಂದರು ಅಧ್ಯಕ್ಷರು.

"ಅಂಕಲ್, ಗೇಮ್ ಬೀಮಾರ್ ಹೈ!" ಎಂದು ಆಟಕ್ಕೆ ಕಾಯಿಲೆ ಹಚ್ಚಿ ಅಕ್ಕ ತಮ್ಮ ಇಬ್ಬರೂ ನಗತೊಡಗಿದರು. ಹುಡುಗಿ ನಕ್ಕು ನಕ್ಕು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಕೂತಳು.

ನಗುವುದಕ್ಕಾದರೂ ಸರಿ, ಸಂಘದ ಕೋಣೆಗೆ ಯುವಕರು ಬಂದು ಕೂತದ್ದು ನನ್ನ ಅಧಿಕಾರಾವಧಿಯಲ್ಲಿ ಅದೇ ಮೊದಲು. ಯುವ ವಿಭಾಗದ ಸಂಚಾಲಕನಾಗಿ ನಾನು ಮಾಡಬೇಕಾದ್ದನ್ನೇ ಮಾಡಿದೆ. ಡಾಕ್ಟರಿಗೆ ಫೋನ್ ಮಾಡಿದೆ.

ಆಕೆ ಬಂದು ನೋಡಿ ಹಣೆ ಚಚ್ಚಿಕೊಂಡಳು. "ಇಷ್ಟು ದಿನ ಹೀಗೇ ಆಡಿದ್ರಾ? ನಾನು ಹೇಳ್ತಾ ಇದ್ದೆ ನಾ, ಸ್ವಲ್ಪ ಸ್ಲೋ ಆಗ್ತದೆ ಅಂತ."

"ಯಾಕೆ ಸ್ಲೋ?" ಎಂದು ಅಧ್ಯಕ್ಷರು ಕೇಳಿದರು.

"ಮಾವ, ಈ ಕಂಪ್ಯೂಟರ್‌ನ ಪ್ರೊಸೆಸರ್‌ನಲ್ಲಿ ಎರಡು ಕೋರ್ ಇದೆ. ಅಂದ್ರೆ ಕೆಲಸ ಮಾಡೋರು ಇಬ್ಬರು. ಮಲ್ಟಿಥ್ರೆಡಿಂಗ್ ಆಫ್ ಇದ್ರೆ ಗೇಮ್‌ದು ಲೆಕ್ಕ ಮಾಡೋದು, ಚಿತ್ರ ಬಿಡಿಸೋದು, ಸಬ್ ಕುಛ್ ಒಬ್ಬನೇ ಮಾಡ್ತಾನೆ. ಇನ್ನೊಬ್ಬ ಸುಮ್ಮನೆ ಕೂತಿರ್ತಾನೆ."

ಅಧ್ಯಕ್ಷರ ಮುಖ ಗಂಭೀರವಾಯಿತು. ಅವರು ಹೋಟೆಲು ನಡೆಸಿದವರು. "ಒಬ್ಬ ಸುಮ್ಮನೆ ಕೂತಿದ್ದಾನಾ? ಹಾಗಾದರೆ ಅವನಿಗೂ ಕೆಲಸ ಹಚ್ಚು."

"ಹಚ್ಚಬಹುದು. ಲೇಕಿನ್ ಇಬ್ಬರಾದ್ರೆ ಒಬ್ಬ ಇನ್ನೊಬ್ಬನಿಗೆ ಕಾಯ್ಬೇಕು. ಈ ಗೇಮ್‌ನಲ್ಲಿ ಸುರಂಗದ ಹತ್ತಿರ ಅವರದ್ದು ತಾಳಮೇಳ ತಪ್ತದೆ. ಅವನು ಇವನಿಗೆ, ಇವನು ಅವನಿಗೆ ಕಾಯ್ತಾ ಕೂತ್ರೆ ಗೇಮ್ ಹ್ಯಾಂಗ್."

"ಅದು ನಮ್ಮ ಹೋಟೆಲಿನಲ್ಲೂ ಇತ್ತು. ಹಚ್ಚು, ಹಚ್ಚು."

ಆಕೆ ಒಂದು ಚಿಕ್ಕ ಚೌಕದಲ್ಲಿ ಟಿಕ್ ಹಾಕಿದಳು, ಅಷ್ಟೇ. ಬ್ಯಾಂಡಿನವರು ಒಮ್ಮೆಲೇ ಎಚ್ಚೆತ್ತರು. ಕಾರುಗಳು ಹಗ್ಗ ಕಡಿದ ಹೋರಿಗಳಂತೆ ಹಾರಿದವು. ಮಾವಶಿ "ಅಯ್ಯ ಅಯ್ಯ ಅಯ್ಯ" ಎನ್ನುವಷ್ಟರಲ್ಲಿ ಅವರ ಕಾರು ಬೇಲಿ ಮುರಿದು ಸಮುದ್ರಕ್ಕೆ ಬಿತ್ತು. ಅಧ್ಯಕ್ಷರು ಮೊದಲ ಪೋಂ ಎನ್ನುವ ಮೊದಲೇ ಬಂಡೆ ಬಂದಿತ್ತು. ಖಜಾಂಚಿಯವರ ಮಕ್ಕಳು ರಿಮೋಟುಗಳನ್ನು ಇಸಿದುಕೊಂಡು ನಾವು ಯಾವತ್ತೂ ನೋಡಿರದ ಊರುಗಳನ್ನೆಲ್ಲ ದಾಟಿ ಹೋದರು. ನಮ್ಮ ರಸ್ತೆಗೆ ಇನ್ನೂ ಎರಡು ಹಂತಗಳಿವೆ ಎಂಬುದು ನಮಗೆ ಅಂದೇ ಗೊತ್ತಾದದ್ದು.

ಮುಂದಿನ ವಾರ ಅವರ ಗೆಳೆಯರೂ ಬಂದರು. ನನಗೆ ಹಬ್ಬ. ಆದರೆ ಮಾವಶಿ ಒಂದೇ ಸುತ್ತು ಆಡಿ, ರಿಮೋಟು ಕೆಳಗಿಟ್ಟು, ನನ್ನನ್ನು ಜಿನೆಯ ಮೆಟ್ಟಿಲ ಹತ್ತಿರ ಕರೆದರು.

"ಯಾರಪಾ ನಮ್ಮ ಗಾಡಿ ಕೆಡಿಸಿದವರು?"

"ಕೆಡಿಸಿಲ್ಲ ಮಾವಶಿ, ಸರಿ ಮಾಡ್ಯಾರ. ಇದು ಖರೆ ಸ್ಪೀಡ್ ಅಂತ."

"ಖರೆ ಸ್ಪೀಡ್ ಯಾರಿಗೆ ಬೇಕಾಗೇತಿ? ಹೊರಗ ಎಲ್‌ಬಿಎಸ್ ರಸ್ತೆದಾಗ ನಿಂತ್ರ ಖರೆ ಸ್ಪೀಡ್ ಕಾಣಸ್ತೈತಿ. ಅದನ್ನ ತಗಿ."

ಟಿಕ್ ತೆಗೆಯುವುದು ಹೇಗೆ ಎಂದು ನಾನು ಡಾಕ್ಟರ ಬೆನ್ನ ಹಿಂದೆ ನಿಂತು ಕಲಿತಿದ್ದೆ. ಮಾವಶಿಯ ಗುಂಪು ಬೇಗ ಬರುತ್ತಿತ್ತು, ತೆಗೆಯುತ್ತಿದ್ದೆ. ಯುವಕರು ತಡವಾಗಿ ಬರುತ್ತಿದ್ದರು, ಅವರು ಹಾಕುತ್ತಿದ್ದರು. ಅವರು ಆಡುವಾಗ ಸುರಂಗದಲ್ಲಿ ಕೆಲವೊಮ್ಮೆ ಆಟ ನಿಂತು ಒಂದೇ ಸ್ವರ ಗುಂಯ್ ಎಂದು ಎಳೆಯುತ್ತಿತ್ತು. ಕೆಳಗಿನ ಗಿರಣಿಯವನು ತನ್ನ ಮೋಟಾರು ಸುಟ್ಟಿತೆಂದು ಒಮ್ಮೆ ಮೇಲೆ ಓಡಿ ಬಂದ. ಆಗೆಲ್ಲ ಮಾವಶಿಯ ಕಡೆಯವರು ಬಹಳ ಸಂತೋಷದಿಂದ ಚಹಾ ಕುಡಿಯುತ್ತಿದ್ದರು. ಯಾರೋ ಒಬ್ಬರು, ಯಾರೆಂದು ಇಂದಿಗೂ ತಿಳಿದಿಲ್ಲ, "ಆ ಟಿಕ್ಕನ್ನು ಮುಟ್ಟಬಾರದು" ಎಂದು ಕಂಪ್ಯೂಟರಿನ ಮೇಲೆ ಚೀಟಿ ಅಂಟಿಸಿದರು. ಹಾಕಬಾರದೋ ತೆಗೆಯಬಾರದೋ ಬರೆದಿರಲಿಲ್ಲವಾದ್ದರಿಂದ ಎರಡೂ ಕಡೆಯವರು ಅದನ್ನು ತಮ್ಮ ಪರವೆಂದೇ ಓದಿದರು.

ಕೊನೆಗೆ ವಿಷಯ ಕಾರ್ಯಕಾರಿ ಸಮಿತಿಗೆ ಹೋಯಿತು. ವಾರ್ಷಿಕೋತ್ಸವದಲ್ಲಿ ಈ ಆಟದ ಸ್ಪರ್ಧೆ ಇಡುವುದೆಂದು ಆಗಲೇ ನಿರ್ಧಾರವಾಗಿತ್ತು. ಯಾವ ಸೆಟ್ಟಿಂಗಿನಲ್ಲಿ ಇಡುವುದು ಎಂಬುದೇ ಪ್ರಶ್ನೆ. ಡಾಕ್ಟರನ್ನು ವಿಶೇಷ ಆಹ್ವಾನಿತೆಯಾಗಿ ಕರೆಸಲಾಯಿತು.

ಕಾರ್ಯದರ್ಶಿಗಳು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದವರು. ಕಲಾಪ ಬರೆಯಲು ಪೆನ್ನು ತೆರೆದು, "ಮಲ್ಟಿಥ್ರೆಡಿಂಗ್ ಎಂಬುದಕ್ಕೆ ಕನ್ನಡವೇನು?" ಎಂದರು.

"ಹಾಗೇ ಬರೀರಿ" ಎಂದೆ.

"ಕನ್ನಡ ಸಂಘದ ಕಲಾಪದಲ್ಲಿಯೇ? ಥ್ರೆಡ್ ಎಂದರೆ ನೂಲು. ಬಹುನೂಲು ವ್ಯವಸ್ಥೆ ಎಂದು ಬರೆಯುತ್ತೇನೆ."

"ನೂಲು ಎಂತಕ್ಕೆ? ಎಳೆ ಅಲ್ಲವೋ? ಬಹುಎಳೆ" ಎಂದರು ಅಧ್ಯಕ್ಷರು.

"ಬಹುಎಳೆ ಎಂಬುದರಲ್ಲಿ ಸಂಧಿ ಆಗಬೇಕಾಗುತ್ತದೆ. ಬಹ್ವೆಳೆ."

"ಬಹ್ವೆಳೆ ಅಂದರೆ ಬಾಳೆಲೆ ಎಂದು ಕೇಳ್ತದೆ ಮಾರಾಯ್ರೆ."

ಮಹಿಳಾ ಪ್ರತಿನಿಧಿಯಾಗಿ ಕೂತಿದ್ದ ಮಾವಶಿ ಬಹಳ ಹೊತ್ತು ಕೇಳಿ, "ಸೀರಿ ಮಾತು ನಡದೈತೇನು? ನಾ ಗಾಡಿ ಮಾತು ಅಂತ ಬಂದೀನಿ" ಎಂದರು. ಚರ್ಚೆ ಮುಂದುವರಿದು ಚಹಾ ಎರಡು ಸಲ ಬಂತು. ಕೊನೆಗೆ ಬಹುನೂಲು ಎಂಬುದು ಬಹುಮತದಿಂದ ಪಾಸಾಯಿತು. ಡಾಕ್ಟರು ಇದನ್ನೆಲ್ಲ ಹಲ್ಲು ಕಿತ್ತ ಮೇಲೂ ಎದ್ದು ಹೋಗದ ಪೇಷಂಟನ್ನು ನೋಡುವಂತೆ ನೋಡುತ್ತ ಕೂತಿದ್ದಳು.

ಆಮೇಲೆ ಮೂಲ ಪ್ರಶ್ನೆಗೆ ಕೈ ಎತ್ತಿಸಲಾಯಿತು. ಬಹುನೂಲು ಇರಲಿ ಎಂದವರು, ಬೇಡ ಎಂದವರು ಸಮ ಸಮ ಬಂದರು. ಖಜಾಂಚಿಯವರು ಮಗಳ ಕಡೆ ಕೈ ಎತ್ತಿದರು. ನಾನು ಮೊದಲು ಯುವಕರ ಪರ ಎತ್ತಲು ಹೊರಟವನು ಮಾವಶಿಯ ಕಣ್ಣು ನೋಡಿ, ತಲೆ ತುರಿಸಿಕೊಂಡಂತೆ ಮಾಡಿ, ಬೇಡ ಎಂಬ ಕಡೆಗೆ ಸೇರಿದೆ. ಸಮ ಬಂದರೆ ನಿರ್ಣಾಯಕ ಮತ ಅಧ್ಯಕ್ಷರದು.

ಅಧ್ಯಕ್ಷರು ಬಲಗಡೆ ನೋಡಿದರು. ಅಲ್ಲಿ ಸೊಸೆ ಇದ್ದಳು. ಎಡಗಡೆ ನೋಡಿದರು. ಅಲ್ಲಿ ಮಾವಶಿ ಇದ್ದರು. ಆ ವಾರ ಅಧ್ಯಕ್ಷರ ಬಾಯಲ್ಲಿ ಮೇಲಿನ ಸಾಲಿನ ಹಲ್ಲು ಮಾತ್ರ ಇತ್ತು, ಕೆಳಗಿನ ಸೆಟ್ಟು ತಯಾರಾಗುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ, "ನನ್ನ ಕೆಳಗಿನ ಸೆಟ್ಟು ಇನ್ನೂ ಇವಳ ಕೈಯಲ್ಲೇ ಉಂಟು ಮಾರಾಯ್ರೆ" ಎಂದರು.

"ಇದನ್ನೂ ಕಲಾಪದಲ್ಲಿ ಬರೆಯಬೇಕೇ?" ಎಂದರು ಕಾರ್ಯದರ್ಶಿಗಳು.

"ಬೇಡ. ನನ್ನ ಮತ ಬೇಡ ಎನ್ನುವ ಕಡೆಗೆ. ಮತ್ತು..." ಎಂದು ಸೊಸೆಯ ಕಡೆ ನೋಡದೆ ಅವಸರದಿಂದ ಹೇಳಿದರು, "ಮತ್ತು ವಾರ್ಷಿಕೋತ್ಸವಕ್ಕೆ ಒಂದು ಹೊಸ ಕಂಪ್ಯೂಟರನ್ನು ನಾನೇ ಸಂಘಕ್ಕೆ ಕೊಡ್ತೇನೆ. ಯಾವುದು ಬೇಕೋ ಇವಳೇ ಆರಿಸಲಿ."

ಚಪ್ಪಾಳೆ ಬಿತ್ತು. ಸ್ಪರ್ಧೆಯ ವೇಳೆ ಬಹುನೂಲು ವ್ಯವಸ್ಥೆಯನ್ನು ಕಡ್ಡಾಯವಾಗಿ ಬಂದ್ ಇಡತಕ್ಕದ್ದು ಎಂದು ಠರಾವು ಬರೆದಾಯಿತು. ಮಾವಶಿ ಮನೆಗೆ ಹೋಗಿ ಶೇಂಗಾ ಉಂಡಿ ತಂದು ಎಲ್ಲರಿಗೂ ಹಂಚಿದರು. ಸೋತವರಿಗೂ ಕೊಟ್ಟರು. ಸ್ವಲ್ಪ ಚಿಕ್ಕದು.

ಡಾಕ್ಟರು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕಂಪ್ಯೂಟರು ಆರಿಸಿ ತಂದಳು. ಕಪ್ಪು ಪೆಟ್ಟಿಗೆ, ಒಳಗೆ ಸತ್ಯನಾರಾಯಣ ಪೂಜೆಯ ಮಂಟಪದಂತೆ ಬಣ್ಣಬಣ್ಣದ ದೀಪ. ಭಾನುವಾರ ಎಲ್ಲರೂ ನೆರೆದರು. ಕಾರ್ಯದರ್ಶಿಗಳು ಠರಾವನ್ನು ಓದಿದರು. ಡಾಕ್ಟರು ಎಲ್ಲರ ಎದುರಿಗೆ ಟಿಕ್ ತೆಗೆದು ತೋರಿಸಿದಳು. ಮಾವಶಿ ಕುರ್ಚಿಯಲ್ಲಿ ಕೂತು, ಸೆರಗು ಸಿಕ್ಕಿಸಿ, ರಿಮೋಟು ಹಿಡಿದರು.

ಕಾರು ಹಾರಿತು. ಬೇಲಿ ಮುರಿಯಿತು. ಸಮುದ್ರ.

ಮಾವಶಿ ನಿಧಾನವಾಗಿ ನನ್ನ ಕಡೆ ತಿರುಗಿದರು. "ನೀ ಮುಟ್ಟೀಯೇನು?"

"ಇಲ್ಲ ಮಾವಶಿ, ದೇವರಾಣಿ! ನೋಡ್ರಿ, ಟಿಕ್ ಇಲ್ಲ."

ನಿಜಕ್ಕೂ ಇರಲಿಲ್ಲ. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿ ನೋಡಿ, "ಠರಾವಿನ ಪಾಲನೆಯಾಗಿದೆ" ಎಂದು ಘೋಷಿಸಿದರು.

"ಮತ್ಯಾಕ ಓಡ್ತೈತಿ?"

ಡಾಕ್ಟರು ಸಮಾಧಾನವಾಗಿ ಹೇಳಿದಳು. "ಮಾವಶಿ, ಹಳೇ ಕಂಪ್ಯೂಟರ್‌ನ ಒಂದು ಕೋರ್ ವೀಕ್ ಇತ್ತು. ಒಬ್ಬನ ಕೈಲಿ ಆಗ್ತಾ ಇರ್ಲಿಲ್ಲ, ಅದಕ್ಕೆ ಇಬ್ಬರು ಬೇಕಿತ್ತು. ಇದು ಹೊಸದು ನಾ! ಇದರಲ್ಲಿ ಒಬ್ಬನೇ ಎಲ್ಲ ಮಾಡ್ತಾನೆ. ಆನ್ ಇರ್ಲಿ, ಆಫ್ ಇರ್ಲಿ, ಸ್ಪೀಡ್ ಸೇಮ್. ಆಫ್ ಇದ್ರೆ ಸುರಂಗದಲ್ಲಿ ಹ್ಯಾಂಗ್ ಕೂಡ ಆಗಲ್ಲ. ಠರಾವು ಒಳ್ಳೇದೇ ಆಯ್ತು."

ಅಂದರೆ ನಾವು ಅಷ್ಟು ಚಹಾ ಕುಡಿದು, ಸಂಧಿ ಸಮಾಸ ಬಿಡಿಸಿ, ಅರ್ಧಕ್ಕರ್ಧ ಸದಸ್ಯರು ಪರಸ್ಪರ ಮಾತು ಬಿಟ್ಟು ಪಾಸು ಮಾಡಿದ ಠರಾವಿನಿಂದ ಗೆದ್ದವರು, ಮತದಲ್ಲಿ ಸೋತವರೇ. ಖಜಾಂಚಿಯವರ ಮಗಳು ಹಿಂದಿನ ಸಾಲಿನಲ್ಲಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅಲುಗಾಡುತ್ತಿದ್ದಳು. ಅಧ್ಯಕ್ಷರು ತಮ್ಮದೇ ಕೊಡುಗೆಯನ್ನು ವೈರಿಯಂತೆ ನೋಡಿದರು.

"ನಿಮಗೆ ಸ್ಲೋ ಬೇಕಾ ಮಾವಶಿ?" ಎಂದಳು ಡಾಕ್ಟರು.

"ಇಷ್ಟು ದಿನಾ ಮತ್ತೇನಂತ ಬಡಕೋಳಾಕತ್ತಿದ್ವಿ ನಾವು?"

"ಅದಕ್ಕೆ ಬೇರೆ ಸೆಟ್ಟಿಂಗ್ ಇದೆ ನಾ." ಆಕೆ ಇನ್ನೊಂದು ಪುಟ ತೆರೆದಳು. ಅಲ್ಲಿ ವೇಗ ಎಂದು ಒಂದು ಪಟ್ಟಿ ಇತ್ತು. ಮೌಸಿನಿಂದ ಎಳೆದರೆ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಆಕೆ ಹಿಂದಕ್ಕೆ ಎಳೆದಳು. ಬ್ಯಾಂಡಿನವರು ಊಟ ಮಾಡಿ ಬಂದರು. ಕಾರುಗಳು ದಿಬ್ಬಣ ಹೊರಟವು. ಮರಗಳು ಒಂದೊಂದಾಗಿ ಬಂದು ನಮಸ್ಕಾರ ಹೇಳಿ ಹೋದವು.

ಆಮೇಲೆ ಅಧ್ಯಕ್ಷರು ಕೇಳಿದರು, "ಇದು ಮೊದಲಿನಿಂದಲೂ ಇತ್ತಾ ಮಾರಾಯ್ತಿ?"

"ಹೌದು ಮಾವ. ಹಳೇ ಕಂಪ್ಯೂಟರ್‌ನಲ್ಲೂ ಇತ್ತು. ಟಿಕ್ ಹಾಕಿ ಇದನ್ನು ಎಳೆದ್ರೆ ಇಬ್ಬರಿಗೂ ನಡೀತಿತ್ತು."

"ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲೇ ಇಲ್ಲ. ನೀವು ಕೇಳಿದ್ದು ಮಲ್ಟಿಥ್ರೆಡಿಂಗ್‌ಗೆ ಕನ್ನಡದಲ್ಲಿ ಏನಂತಾರೆ ಅಂತ."

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ಹಾಕಿದರು.

ವಾರ್ಷಿಕೋತ್ಸವ ಮುಲುಂಡಿನ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಸ್ಪರ್ಧೆಯನ್ನು ಪ್ರೊಜೆಕ್ಟರಿನಲ್ಲಿ ಗೋಡೆ ತುಂಬ ತೋರಿಸಿದೆವು. ವೇಗವನ್ನು ಎಷ್ಟಕ್ಕೆ ಇಡುವುದು ಎಂಬುದಕ್ಕೆ ಇನ್ನೊಂದು ಸಭೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಠರಾವಿನ ಅಕ್ಷರಕ್ಕಿಂತ ಅದರ ಆಶಯ ದೊಡ್ಡದು, ಆಶಯ ನಿಧಾನದ ಪರವಾಗಿತ್ತು ಎಂದು ಕಾರ್ಯದರ್ಶಿಗಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಯುವಕರು ಗೊಣಗಿದರು. ಆದರೆ ನಿಧಾನವಾದರೆ ಇನ್ನೂ ಸುಲಭ, ಅಜ್ಜ ಅಜ್ಜಿಯರನ್ನು ಬೇಗ ಮುಗಿಸಿ ಊಟಕ್ಕೆ ಹೋಗಬಹುದು ಎಂದುಕೊಂಡರು. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಆದದ್ದೇ ಬೇರೆ. ಯುವಕರ ಬೆರಳುಗಳಿಗೆ ಖರೆ ಸ್ಪೀಡು ಅಭ್ಯಾಸವಾಗಿಬಿಟ್ಟಿತ್ತು. ತಿರುವು ಕಂಡೊಡನೆ ತಿರುಗಿಸುತ್ತಿದ್ದರು, ಆದರೆ ಕಾರು ಇನ್ನೂ ತಿರುವಿಗೆ ಬಂದೇ ಇರುತ್ತಿರಲಿಲ್ಲ. ಒಬ್ಬೊಬ್ಬರಾಗಿ ಬಲಗಡೆಯ ಬೆಟ್ಟಕ್ಕೆ ಹೋಗಿ ಗುದ್ದಿದರು. ಕಾಯುವುದೆಂದರೆ ಅವರಿಗೆ ಕೈ ಕಟ್ಟಿ ಹಾಕಿದಂತೆ. ನಮ್ಮ ಹಿರಿಯರು ಅವಸರವಿಲ್ಲದೆ, ಪಕ್ಕದವರ ಜೊತೆ ಮಾತಾಡುತ್ತ, ಮುಂದೆ ಹೋದರು. ಖಜಾಂಚಿಯವರ ಮಗಳು ಮಾತ್ರ ಹೇಗೋ ಸಂಭಾಳಿಸಿಕೊಂಡು ಕೊನೆಯ ಸುತ್ತಿಗೆ ಬಂದಳು. ಎದುರಿಗೆ ಮಾವಶಿ.

ಸುರಂಗದ ತನಕ ಇಬ್ಬರೂ ಜೊತೆಯಲ್ಲೇ ಇದ್ದರು. ಹಾಲಿನಲ್ಲಿ ಕೂತವರೆಲ್ಲ ಕುರ್ಚಿಯ ಅಂಚಿಗೆ ಬಂದಿದ್ದರು. ನನ್ನ ಹೆಂಡತಿ ನನ್ನ ನೋವಿನ ಮೊಣಕಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸುರಂಗ ದಾಟಿದೊಡನೆ ಎಡಕ್ಕೆ ದೊಡ್ಡ ತಿರುವು. ಹುಡುಗಿ ತಡೆಯಲಾರದೆ ಒಂದು ಕ್ಷಣ ಮೊದಲೇ ತಿರುಗಿಸಿದಳು. ಕಾರು ಸುರಂಗದ ಬಾಯಿಯ ಕಂಬಕ್ಕೆ ಮೂಗು ಒರಸಿ ನಿಂತಿತು. ಮಾವಶಿ ಬ್ರೇಕ್ ಹಿಡಿದು, ತಿರುವು ತಾನಾಗಿ ಎದುರಿಗೆ ಬರುವವರೆಗೆ ಕಾದು, ಆಮೇಲೆ ತಿರುಗಿಸಿ, ಗುರಿ ದಾಟಿದರು. ಅಧ್ಯಕ್ಷರು ಹೊಸ ಹಲ್ಲಿನ ಎರಡೂ ಸಾಲು ತೋರಿಸಿ ನಕ್ಕರು.

ಬಹುಮಾನ ಒಂದು ಶಾಲು, ಒಂದು ಸ್ಟೀಲ್ ಡಬ್ಬಿ. ಮಾವಶಿ ಶಾಲು ಹೊದ್ದುಕೊಂಡೇ ಊಟಕ್ಕೆ ಕೂತರು. ಹುಡುಗಿ ಅವರ ಪಕ್ಕದ ಎಲೆಯ ಮುಂದೆ ಬಂದು ಕೂತು, "ಮಾವಶಿ, ಯೇ ಚೀಟಿಂಗ್ ಹೈ. ಇನ್ನೊಮ್ಮೆ!" ಎಂದಳು.

"ರವಿವಾರ ಬಾ. ಮದಲ ಊಟಾ ಮಾಡು" ಎಂದು ಮಾವಶಿ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಅವಳು ಬಂದಳು. ತಮ್ಮನೂ ಬಂದ, ಗೆಳೆಯರೂ ಬಂದರು. ನಿಧಾನದ ಆಟದಲ್ಲಿ ಮಾವಶಿಯನ್ನು ಸೋಲಿಸದೆ ಬಿಡುವುದಿಲ್ಲವೆಂದು ಪ್ರತಿವಾರ ಬರತೊಡಗಿದರು. ಮಾವಶಿ ಅವರ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಬತ್ತಿ ಹೊಸೆಯುತ್ತ ಪಾಠ ಹೇಳುತ್ತಾರೆ. "ತಡಿ, ತಡಿ, ಈಗ ಬ್ಯಾಡ... ಹಾಂ, ಈಗ ಎಡಕ್ಕ." ಯುವಕರಿಗೆ ಕನ್ನಡ ಕಲಿಸಲು ಕಾರ್ಯದರ್ಶಿಗಳು ವರ್ಷಗಟ್ಟಲೆ ತರಗತಿ ಇಟ್ಟು ಸೋತಿದ್ದರು. ಈಗ ಅವರು ಕಪಾಟಿನ ಹತ್ತಿರ ಪುಸ್ತಕ ಹುಡುಕುವ ನೆವದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಮೊನ್ನೆ ಅಕ್ಕ ತಮ್ಮ ಎದುರುಬದುರು ಆಡುತ್ತಿದ್ದರು. ತಮ್ಮನ ಕಾರು ಸುರಂಗದ ಬಾಯಲ್ಲಿ ಅಡ್ಡ ನಿಂತು ದಾರಿ ಕಟ್ಟಿತು. ಹುಡುಗಿ ಗಂಟಲು ಹರಿಯುವಂತೆ ಕೂಗಿದಳು:

"ತಿರಗಸ್ಲೇ ಮಂಗ್ಯಾ! ನಿನ್ನ ಕಣ್ಣಾಗ ಮಣ್ಣು ಬಿದ್ದೈತೇನು?"

ಒಂದೇ ಒಂದು ಹಿಂದಿ ಶಬ್ದ ಇರಲಿಲ್ಲ. ಕಾರ್ಯದರ್ಶಿಗಳು ತೆರೆದ ಪುಸ್ತಕವನ್ನು ಹಿಡಿದುಕೊಂಡು ನನ್ನ ಕಡೆ ನೋಡಿದರು. ಸಂತೋಷಪಡಬೇಕೋ ಗದರಬೇಕೋ ಅವರಿಗೆ ತಿಳಿಯಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ, "ವ್ಯಾಕರಣ ಶುದ್ಧವಾಗಿದೆ" ಎಂದರು.